ಬಾಷಾ ಸಾಬರು ಹುಡುಕಿದ ಕತ್ತಲು

ಊಟದ ಕೊನೆಯ ಪಂಕ್ತಿ ಎದ್ದು ಬೀಗರು ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದಾಗ ಮದುವೆ ಮನೆ ಒಮ್ಮೆಗೇ ಕತ್ತಲಾಯಿತು. ನಾನು ಕ್ಯಾಮೆರಾವನ್ನು ಎದೆಗೆ ಅವುಚಿಕೊಂಡು ನಿಂತಲ್ಲೇ ನಿಂತೆ. ಯಾರದೋ ಕಾಲು ಪಾಯಸದ ಪಾತ್ರೆಗೆ ತಾಗಿದ ಸದ್ದು, ಅದರ ಹಿಂದೆಯೇ ಒಂದು ಬೈಗುಳ. ಕರೆಂಟು ಹೋದದ್ದಲ್ಲ, ಜನರೇಟರ್ ಕೆಟ್ಟದ್ದೂ ಅಲ್ಲ. ಲೈಟಿನ ಬಾಷಾ ಸಾಬರು ತಾವೇ ಮೇನ್ ಸ್ವಿಚ್ ಇಳಿಸಿ, ಶಾಮಿಯಾನದ ಹೊರಗೆ ಸೊಂಟದ ಮೇಲೆ ಕೈಯಿಟ್ಟು ಆಕಾಶ ನೋಡುತ್ತಾ ನಿಂತಿದ್ದರು.

"ಏನ್ ಸಾಬ್ರೆ ಇದು?" ಅಂತ ಹೆಣ್ಣಿನ ಅಪ್ಪ ತಡಕಾಡಿಕೊಂಡು ಬಂದರೆ ಇವರು ತಲೆ ಇಳಿಸಲಿಲ್ಲ. "ಒಂದ್ ನಿಮಿಷ ತಡ್ಕಳ್ರಿ ಗೌಡ್ರೆ. ಸಂಜಿಂದ ನಿಮ್ಮ ಮಂದಿನೇ ನೋಡೀನಿ. ಈಗ ಮ್ಯಾಲಿನ ಮಂದಿನ ನೋಡಾಕೆ ಬಿಡ್ರಿ."

ಹೊನ್ನಾಳಿಯಲ್ಲಿ ನನ್ನದೊಂದು ಫೋಟೋ ಸ್ಟುಡಿಯೋ. ಮದುವೆ ಅಂದಮೇಲೆ ಫೋಟೋದವನೂ ಲೈಟಿನವರೂ ಒಟ್ಟಿಗೇ ಇರಬೇಕಾದವರು, ಹಾಗಾಗಿ ಸಾಬರು ನನಗೆ ಗಂಟುಬಿದ್ದರು. ಹೆಗಲಿಗೆ ವೈರಿನ ಸುರುಳಿ, ಕಿವಿಯ ಹಿಂದೆ ಟೆಸ್ಟರ್, ಬಾಯಲ್ಲಿ ಲವಂಗ. ಸುತ್ತಮುತ್ತಲ ಹಳ್ಳಿಗಳಲ್ಲಿ ಅವರಷ್ಟು ಜೋರಾಗಿ ಬೆಳಕು ಹಾಕುವವರು ಇರಲಿಲ್ಲ. ಸೀರಿಯಲ್ ಸೆಟ್ಟಿನ ನವಿಲು, ಗೇಟಿಗೆ ಆರ್ಚು, ಮೂಲೆ ಮೂಲೆಗೆ ಆಕಾಶಕ್ಕೆ ಹೊಡೆಯುವ ಫೋಕಸ್ ಲೈಟು. ಇಷ್ಟೆಲ್ಲ ಹಾಕುವ ಮನುಷ್ಯನಿಗೆ ಹುಚ್ಚು ಮಾತ್ರ ಕತ್ತಲಿನದು.

ಹುಚ್ಚು ಹಿಡಿಸಿದ್ದು ಅವರ ತಂದೆ. ಮೆರವಣಿಗೆಗೆ ಗ್ಯಾಸ್ ಲೈಟು ಬಾಡಿಗೆ ಕೊಡುತ್ತಿದ್ದವರು ಅವರು. ಕೆಲಸ ಮುಗಿಸಿ, ಆರಿಸಿದ ಲೈಟು ತಲೆ ಮೇಲೆ ಹೊತ್ತು ಸಾಸ್ವೆಹಳ್ಳಿ ಕಡೆಯಿಂದ ನಡೆದು ಬರುವಾಗ ಮಗನಿಗೆ ನೆತ್ತಿ ಮೇಲಿನ ಕೃತ್ತಿಕೆಯ ಗೊಂಚಲು ತೋರಿಸುತ್ತಿದ್ದರಂತೆ. ಉರ್ದುವಿನಲ್ಲಿ ಅದಕ್ಕೆ ಸುರಯ್ಯಾ ಅಂತ ಹೆಸರು. ಸಾಬರು ಒಂದು ಜಾಗವನ್ನು ಪಾಸು ಮಾಡುವುದೂ ಫೇಲು ಮಾಡುವುದೂ ಅವಳಿಂದಲೇ. "ಸುರಯ್ಯಾ ಬಿಡಿಬಿಡಿಯಾಗಿ ಕಂಡ್ಳು ಅಂದ್ರೆ ಜಾಗ ಚೊಲೋ. ಹತ್ತಿ ಉಂಡೆ ಹಂಗೆ ಕಂಡ್ಳು ಅಂದ್ರೆ ಎದ್ದು ನಡೀರಿ."

ಹೊಸ ಕ್ಯಾಮೆರಾ ತೊಗೊಂಡಿದ್ದ ನನಗೂ ನಕ್ಷತ್ರದ ಫೋಟೋ ಹೊಡೆಯುವ ಚಪಲ ಇತ್ತು. ಮಳೆಗಾಲ ಕಳೆದು ಆಕಾಶ ತೊಳೆದಂತಾದರೆ, ಅಮಾವಾಸ್ಯೆ ಹತ್ತಿರ ನೋಡಿಕೊಂಡು, ಅವರ ಬೈಕಿನ ಹಿಂದೆ ನಾನು ಹತ್ತುತ್ತಿದ್ದೆ. ಜಾಗ ಹುಡುಕುವುದಕ್ಕೆ ಅವರದೇ ಕಾನೂನು. ಜಲ್ಲಿ ಕ್ರಷರ್ ಇರುವ ಕಡೆ ಬೇಡ, ಧೂಳು. ಹೊಳೆ ದಂಡೆ ಬೇಡ, ಮಂಜು. ಹಂದಿ ಓಡಿಸಲು ಹೊಲದಲ್ಲಿ ಬಲ್ಬು ಕಟ್ಟಿದ್ದರೆ ಬೇಡ. ಬಡಗಣಕ್ಕೆ ಮುಖ ಮಾಡಿ ಕೂರಲೇಬಾರದು, ದಾವಣಗೆರೆಯ ಬೆಳಕು ಅಲ್ಲಿ ಹಾಲು ಉಕ್ಕಿದಂತೆ ಎದ್ದಿರುತ್ತದೆ. ಎಲ್ಲಕ್ಕಿಂತ ದೊಡ್ಡ ಕಾನೂನು ಇದು: "ಊರಿನ ದೀಪ ಮುಟ್ಟಬಾರ್ದು, ಆದ್ರೆ ಹಾವು ಕಚ್ಚಿ ಕೂಗಿದ್ರೆ ಊರಿಗೆ ಕೇಳಿಸ್ಬೇಕು."

ಮೊದಲು ಗೋವಿನಕೋವಿಯ ಆಚೆಯ ಗೋಮಾಳಕ್ಕೆ ಹೋದೆವು. ಅಲ್ಲಿ ಸುರಯ್ಯಾ ಉಂಡೆಯಾಗಿದ್ದಾಳೆ ಅಂದರು. ಆಮೇಲೆ ಸೂರಗೊಂಡನಕೊಪ್ಪದ ಹತ್ತಿರದ ದಿಬ್ಬ, ಅದೂ ಫೇಲು. ಚನ್ನಗಿರಿ ಕಡೆ ಒಂದು ಕೆರೆಯ ಏರಿಯ ಮೇಲೆ ಕೂತಾಗಲಂತೂ ಸಾಬರು ಒಂದೇ ಸಲ ಮೇಲೆ ನೋಡಿ ತಲೆ ಇಳಿಸಿದರು. "ಇಲ್ಲೂ ಹೋತು ಮಂಜಣ್ಣ. ಎಲ್ಲಾ ಕಡೆ ಎಲ್ಇಡಿ ಬಂದು ಮೇದು ಹಾಕ್ಯಾವೆ. ಒಂದೊಂದು ಲೈಟಿನ ಸುತ್ತ ಬಳೆ ಬಳೆ ಹೊಳಿತಾವೆ, ನೋಡಿದ್ರಾ?" ಬಳೆ ನನಗೆ ಕಂಡಿರಲಿಲ್ಲ. ಆದರೆ ಲೈಟಿನ ವಿಚಾರದಲ್ಲಿ ಅವರಿಗೆ ಎದುರು ಮಾತಾಡುವಷ್ಟು ದೊಡ್ಡವನೇ ನಾನು? ಜನ್ಮದಲ್ಲಿ ತಲೆಯೆತ್ತಿ ನೋಡದವನಿಗೆ ಎಷ್ಟು ಚುಕ್ಕಿ ಇರಬೇಕಿತ್ತು, ಎಷ್ಟು ಕಮ್ಮಿಯಾಗಿವೆ ಅನ್ನುವ ಅಂದಾಜೂ ಇರಲಿಲ್ಲ. ಹೊನ್ನಾಳಿಯ ಮೇಲೆ ಆಕಾಶ ಮಾಸಿದ್ದು ನಿಜವೇ ಆದ್ದರಿಂದ ಎಲ್ಲ ಕಡೆಯೂ ಹಾಗೇ ಅಂತ ನಂಬಿದೆ.

ಹೀಗಿರುವಾಗ ಅವರು ಕೊಟ್ಟ ಮೊದಲ ಏಟು ಯಾರೂ ನಿರೀಕ್ಷಿಸದ್ದು. ಮದುವೆ ಸೀಸನ್ನು ಎದುರಿಗಿದ್ದಾಗ ಲೈಟಿನ ಕೆಲಸ ಬಿಟ್ಟೆ ಅಂದುಬಿಟ್ಟರು. ನವಿಲು, ಆರ್ಚು, ಫೋಕಸ್ಸು ಎಲ್ಲ ಶೆಡ್ಡು ಸೇರಿ ಮೇಲೆ ತಾಡಪಾಲು ಬಿತ್ತು. ಮನೆ ಮುಂದೆ ಒಂದು ಮೇಜು ಹಾಕಿಕೊಂಡು ಮಿಕ್ಸರ್, ಫ್ಯಾನು ರಿಪೇರಿಗೆ ಕೂತರು. ನಾನು ಓಡಿಹೋಗಿ ಕೇಳಿದೆ, "ಸಾಬ್ರೆ, ತಲೆ ನೆಟ್ಟಗೈತಾ?"

"ಎಲ್ರಿಗಿಂತ ಮೊದ್ಲು ಆಕಾಶಕ್ಕೆ ಫೋಕಸ್ ಹೊಡ್ದೋನು ನಾನೇ ಅಲ್ರೀ? ನನ್ನ ನೋಡಿ ಊರೆಲ್ಲ ಕಲಿತು. ನಮ್ಮಪ್ಪ ತೋರ್ಸಿದ್ದನ್ನ ನಾನೇ ಆರ್ಸಿಬಿಟ್ಟೆ. ಸಾಕು."

ಅವರ ಹೆಂಡತಿ ಜುಬೇದಾ ಚಾಚಿ ಒಳಗಿನಿಂದಲೇ, "ಚುಕ್ಕಿ ನೋಡಿ ಹೊಟ್ಟೆ ತುಂಬ್ತೈತೇನು ಕೇಳ್ರಿ ಮಂಜಣ್ಣ" ಅಂದರು. ಆದರೆ ಅವರ ನಿರ್ಧಾರ ಕಲ್ಲಿನಲ್ಲಿ ಕೆತ್ತಿದ ಹಾಗಿತ್ತು. ತಾನು ಹಾಳು ಮಾಡದ ಒಂದು ಜಾಗವಾದರೂ ಉಳಿದಿದೆಯಾ ಅನ್ನುವುದೊಂದೇ ಅವರಿಗೆ ಬೇಕಾಗಿತ್ತು. ಅದು ಸಿಕ್ಕೀತೆಂದು ಜಗಳೂರಿನ ಮೇಲೆ ಆಸೆ ಇಟ್ಟಿದ್ದರು. ಅವರ ತಂಗಿಯ ಮನೆ ಅಲ್ಲೇ ಇತ್ತು.

ನಾವು ಅಲ್ಲಿಗೆ ಹೋದ ಸಂಜೆ ಸಾಬರು ಮಗ್ರಿಬ್ ನಮಾಜು ಮುಗಿಸಿ ಊರಾಚೆಯ ಕುರುಚಲು ಕಾಡಿನ ಅಂಚಿಗೆ ಬೈಕು ಬಿಟ್ಟರು. ದಾರಿಯಲ್ಲಿದ್ದಾಗಲೇ ಕರೆಂಟು ಹೋಯಿತು. ಬಂಡೆಯೊಂದರ ಮೇಲೆ ಹತ್ತಿ ಕೂತಾಗ ಸುತ್ತ ಎಲ್ಲೂ ಒಂದು ಕಿಡಿ ಬೆಳಕಿಲ್ಲ. ಕಣ್ಣು ಕತ್ತಲಿಗೆ ಹೊಂದಿದ ಮೇಲೆ ನಾನು ತಲೆ ಎತ್ತಿದೆ. ಆಕಾಶ ಅಂದರೆ ಇಷ್ಟು ಅಂತ ನನಗೆ ಯಾರೂ ಹೇಳಿರಲಿಲ್ಲ. ರಾಗಿ ಚೆಲ್ಲಿದ ಹಾಗೆ, ಬೆರಳಿಡಲು ಜಾಗವಿಲ್ಲದ ಹಾಗೆ ತುಂಬಿತ್ತು. ನೆತ್ತಿಯ ಮೇಲೆ ಸುರಯ್ಯಾ ಬಿಡಿಬಿಡಿಯಾಗಿ ಕೂತಿದ್ದಳು. ನಾನು ಕ್ಯಾಮೆರಾ ತೆಗೆಯುವುದನ್ನೂ ಮರೆತೆ.

ಪಕ್ಕದಿಂದ ಸಾಬರ ದನಿ ಬಂತು. "ಇಲ್ಲೂ ಹೋತು."

ತಮಾಷೆ ಅಂದುಕೊಂಡೆ. "ಯಾವನೋ ಇಲ್ಲೂ ಲೈಟ್ ಹಾಕ್ಯಾನೆ ಮಂಜಣ್ಣ. ಎಲ್ಲಾ ಮಬ್ಬು ಐತೆ" ಅಂದರು. ಅಳುವವರ ದನಿ ಅದು.

ಅಷ್ಟರಲ್ಲಿ ಕೆಳಗಿಂದ ಬ್ಯಾಟರಿ ಬೆಳಕು ಬಿತ್ತು. ಹತ್ತಿರದ ಹೊಲದ ತಿಪ್ಪಮ್ಮ ಅನ್ನುವ ಹೆಂಗಸು, ಕೈಯಲ್ಲಿ ಕುಡುಗೋಲು. ನಮ್ಮನ್ನು ನಿಧಿ ಅಗೆಯುವ ಕಳ್ಳರು ಅಂದುಕೊಂಡಿದ್ದಳು.

"ಯಾರ್ರಿ ಅದು? ಏನ್ ಹುಡುಕ್ತೀರಿ ಇಲ್ಲಿ?"

"ಚುಕ್ಕಿ ನೋಡಾಕೆ ಬಂದಿದ್ವಿ ತಾಯಿ. ಇಲ್ಲೂ ಇಲ್ಲ" ಅಂದರು ಸಾಬರು.

ಆಕೆ ಬ್ಯಾಟರಿ ಆರಿಸಿ ಮೇಲೆ ನೋಡಿದಳು. ಮತ್ತೆ ಇವರನ್ನು ನೋಡಿದಳು. "ಇಲ್ಲ ಅಂದ್ರೆ ಹೆಂಗಣ್ಣ? ಆಕಾಶ ತುಂಬ ಅದಾವಲ್ಲ. ಇವತ್ತು ಬಾಳ ಅದಾವೆ." ಒಂದು ಹೆಜ್ಜೆ ಹತ್ತಿರ ಬಂದು ಮೆತ್ತಗೆ ಕೇಳಿದಳು, "ನಿಮಗೆ ಕಣ್ಣು ಕಾಣಲ್ಲೇನಣ್ಣ?"

ಸಾಬರು ನನ್ನ ಕಡೆ ತಿರುಗಿದರು. ನಾನು ಇಲ್ಲ ಅನ್ನಲಿ ಅಂತ ಕಾಯುತ್ತಿದ್ದರು ಅನ್ನಿಸುತ್ತದೆ. "ಅದಾವೆ ಸಾಬ್ರೆ" ಅಂದೆ. ಅವರು ಬಂಡೆಯನ್ನು ಕೈಯಿಂದ ಸವರುತ್ತಾ ಕೂತುಬಿಟ್ಟರು.

ಕೆಳಗಿಳಿದು ಬೈಕಿನ ಕೀಲಿ ಕಿತ್ತುಕೊಂಡೆ. ಆಗ ಇನ್ನೊಂದು ಸಂಗತಿ ಹೊಳೆಯಿತು. ಇಷ್ಟು ದಿನ ಗೋಮಾಳ, ದಿಬ್ಬ, ಕೆರೆ ಏರಿ ಅಂತ ಕತ್ತಲಲ್ಲಿ ನನ್ನನ್ನು ಹಿಂದೆ ಕೂರಿಸಿಕೊಂಡು ಓಡಿಸಿದ್ದು ಇದೇ ಕಣ್ಣು. ಹೆಂಗೆ ಓಡಿಸ್ತಿದ್ರಿ ಅಂತ ಕೇಳಿದೆ. "ರೋಡಿನ ಬಿಳೀ ಗೆರೆ ಹಿಡ್ಕಂಡು ಬರ್ತಿದ್ದೆ. ಹೆಡ್‌ಲೈಟು ವೀಕಾಗೈತೆ ಅಂತ ಎಷ್ಟು ಸಲ ಬಲ್ಬ್ ಬದ್ಲಿ ಮಾಡ್ಸಿದ್ನೋ" ಅಂದರು. ಆ ಏರಿಯ ಮೇಲೆ ಬಿಳೀ ಗೆರೆಯೇ ಇಲ್ಲ. ಇದನ್ನು ನನ್ನ ಹೆಂಡತಿಗೆ ಇವತ್ತಿನವರೆಗೂ ಹೇಳಿಲ್ಲ.

ಮರುದಿನ ದಾವಣಗೆರೆಯಲ್ಲಿ ಕಣ್ಣಿನ ಡಾಕ್ಟರಿಗೆ ತೋರಿಸಿದೆವು. ಕಣ್ಣೊಳಗಿನ ಒತ್ತಡ ಹೆಚ್ಚಾಗಿ ನರ ಒಣಗಿದೆ, ಲೈಟಿನ ಸುತ್ತ ಬಳೆ ಕಾಣುವುದೂ ಅದರಿಂದಲೇ ಇರಬಹುದು, ಹೋದದ್ದು ಬರುವುದಿಲ್ಲ, ಇರುವುದನ್ನು ಡ್ರಾಪ್ಸ್ ಹಾಕಿ ಉಳಿಸಿಕೊಳ್ಳಬೇಕು ಅಂದರು ಡಾಕ್ಟರು. ಸಾಬರು ಒಂದೇ ಪ್ರಶ್ನೆ ಕೇಳಿದರು: "ಇದು ಯಾವಾಗ್ಲಿಂದ ಸಾರ್?" ವರ್ಷಗಳಿಂದಲೇ ಆಗಿರಬೇಕು ಅಂತ ಉತ್ತರ ಬಂತು.

ಹೊರಗೆ ಮೆಟ್ಟಿಲ ಮೇಲೆ ಕೂತು ನಾನು ಕಣ್ಣೊರೆಸಿಕೊಳ್ಳುತ್ತಿದ್ದರೆ ಪಕ್ಕದಲ್ಲಿ ಈ ಮನುಷ್ಯ ನಗುತ್ತಿದ್ದರು. ಸಂಕಟದ ನಗುವಲ್ಲ, ಹಬ್ಬದ ನಗು. ನನಗೆ ಭಯವೇ ಆಯಿತು.

"ಅಂದ್ರೆ ಲೈಟಿಂದಲ್ಲ ಮಂಜಣ್ಣ! ಸುರಯ್ಯಾ ಎಲ್ಲೂ ಹೋಗಿಲ್ಲ. ಗೋವಿನಕೋವಿಲೂ ಇದ್ಲು, ಚನ್ನಗಿರಿಲೂ ಇದ್ಲು. ನಾನು ಆರ್ಸಿಲ್ಲ ಅವ್ಳನ್ನ." ಹೋದ ಕಣ್ಣು ಬರುವುದಿಲ್ಲ ಅಂತ ಕೇಳಿ ಹೊರಗೆ ಬಂದ ಮನುಷ್ಯ ಖುಲಾಸೆಯಾದ ಕೈದಿಯ ಹಾಗೆ ನನ್ನ ತೊಡೆ ತಟ್ಟಿದರು. ಆ ನಗುವನ್ನು ನಾನು ಇನ್ನೂ ಅರಗಿಸಿಕೊಂಡಿಲ್ಲ.

ಊರಿಗೆ ಬಂದವರೇ ತಾಡಪಾಲು ತೆಗೆಸಿದರು. ತಮ್ಮನ ಮಗ ಇಮ್ರಾನನನ್ನು ಜೊತೆಗೆ ಸೇರಿಸಿಕೊಂಡು ಮತ್ತೆ ಮದುವೆಗಳಿಗೆ ಲೈಟು ಹಾಕಲು ಶುರುಮಾಡಿದರು. ಚಾಚಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಒಂದು ಸಂಜೆ ಅವರ ಮನೆಯ ಟೆರೇಸಿನ ಮೇಲೆ ಕೂತಿದ್ದೆವು. ಅಷ್ಟು ಹೊತ್ತಿಗೆ ಅವರ ನೋಟ ಕೊಳವೆಯೊಳಗಿಂದ ನೋಡಿದಷ್ಟಕ್ಕೆ ಬಂದಿತ್ತು. "ನಿಜ ಹೇಳ್ರಿ ಮಂಜಣ್ಣ. ನಮ್ಮ ಹೊನ್ನಾಳಿ ಮ್ಯಾಲೆ ಹೆಂಗದಾವೆ?" ಅಂದರು.

ನೋಡಿದೆ. ಸರ್ಕಲ್ಲಿನ ಎತ್ತರದ ಕಂಬದ ಬೆಳಕು ಆಕಾಶವನ್ನೆಲ್ಲ ಬಳಿದು ಹಾಕಿತ್ತು. ಅಲ್ಲೊಂದು ಇಲ್ಲೊಂದು ಚುಕ್ಕಿ. ಬಾಳ ಅದಾವೆ ಅಂದುಬಿಡೋಣ, ಖುಷಿಯಾಗಿರಲಿ ಅನ್ನಿಸಿತು. ಆದರೆ ಜಗಳೂರಿನ ಬಂಡೆಯ ಮೇಲೆ ನಿಜ ಹೇಳಿದವನು ಇಲ್ಲಿ ಸುಳ್ಳು ಹೇಗೆ ಹೇಳಲಿ? "ಇಲ್ಲಿ ಕಮ್ಮಿ ಸಾಬ್ರೆ. ಊರಿನ ಲೈಟು ಬಾಳ ಆಗೈತೆ. ಅದು ಸುಳ್ಳಲ್ಲ."

ಬಾಯಲ್ಲಿದ್ದ ಲವಂಗವನ್ನು ಒಂದು ದವಡೆಯಿಂದ ಇನ್ನೊಂದಕ್ಕೆ ಸರಿಸಿದರು. ನಾನು ಅವರ ನೆಮ್ಮದಿ ಕೆಡಿಸಿದೆ ಅಂತ ನನ್ನನ್ನೇ ಶಪಿಸಿಕೊಂಡೆ. ಕೊನೆಗೆ ಅವರು ಅಂದರು: "ಅಂದ್ರೆ ಅರ್ಧ ಕಣ್ಣಿಂದು, ಅರ್ಧ ನಮ್ದು. ಕಣ್ಣಿಂದು ವಾಸಿ ಆಗಲ್ಲ ಅಂದ್ರು ಡಾಕ್ಟ್ರು. ನಮ್ದು ಆಗ್ತೈತಲ್ಲ."

ಅದೇ ಕೊನೆಯ ಭೇಟಿ. ನಾನೊಂದು ತಿಂಗಳು ಹೊರಗಿನ ಆರ್ಡರಿನ ಮೇಲೆ ಹೋಗಿದ್ದೆ. ವಾಪಸು ಬಂದು ಬಸ್ಸಿಳಿದರೆ ಬಾಷಾ ಸಾಬರು ತೀರಿಕೊಂಡು ವಾರವಾಯಿತು ಅಂತ ಪಾನ್ ಅಂಗಡಿಯವನು ಹೇಳಿದ. ಎದೆ ನೋವು ಅಂದವರು ಆಸ್ಪತ್ರೆ ತಲುಪಲಿಲ್ಲವಂತೆ. ಬ್ಯಾಗು ಅಲ್ಲೇ ಇಟ್ಟು ಅಂಗಡಿಯ ಕಟ್ಟೆಯ ಮೇಲೆ ಕೂತೆ.

ಮೊನ್ನೆ ನ್ಯಾಮತಿಯಲ್ಲಿ ಒಂದು ಮದುವೆ. ಲೈಟು ಇಮ್ರಾನನದು. ಗಂಡಿನ ಅಪ್ಪ ಅವನನ್ನು ತರಾಟೆಗೆ ತೆಗೆದುಕೊಳ್ಳುತ್ತಿದ್ದರು. "ಏನಪ್ಪ ಇದು? ಎಲ್ಲಾ ಲೈಟೂ ನೆಲಕ್ಕೇ ಬೀಳ್ತಾವೆ. ಮದುವಿ ಮನೆ ಅಂತ ದೂರದಿಂದ ಗೊತ್ತಾಗೋದು ಬ್ಯಾಡ್ವಾ? ತೆಗಿ ಆ ತಗಡು."

"ತೆಗಿಯಾಕೆ ಬರಲ್ರಿ ಯಜಮಾನ್ರೆ. ಬಡೇ ಅಬ್ಬಾ ಬೆಸುಗೆ ಹಾಕಿಬಿಟ್ಟಾರೆ" ಅಂದ ಇಮ್ರಾನ್. ಬಡೇ ಅಬ್ಬಾ ಅಂದರೆ ಅವನ ದೊಡ್ಡಪ್ಪ, ನಮ್ಮ ಸಾಬರು.

ಹತ್ತಿರ ಹೋಗಿ ನೋಡಿದೆ. ಒಂದೊಂದು ಫೋಕಸ್ ಲೈಟಿನ ನೆತ್ತಿಗೂ ಬೆಳಕು ಆಕಾಶಕ್ಕೆ ಏರದ ಹಾಗೆ ಎಣ್ಣೆ ಡಬ್ಬಿ ಕತ್ತರಿಸಿ ಮಾಡಿದ ಟೋಪಿ. ಬೆಸುಗೆ ಸೊಟ್ಟಪಟ್ಟ ಓಡಿತ್ತು, ಅಲ್ಲಲ್ಲಿ ದಾರಿ ತಪ್ಪಿ ತಗಡಿನ ಮೇಲೆಲ್ಲ ಹನಿದಿತ್ತು. ಕಣ್ಣಿಗೆ ಕಾಣದೆ ಬೆರಳಿನಿಂದ ಮುಟ್ಟಿ ಮುಟ್ಟಿ ಹಾಕಿದ ಬೆಸುಗೆ ಅದು. ಆ ಕೊನೆಯ ದಿನಗಳಲ್ಲಿ ಅವರ ಹತ್ತೂ ಬೆರಳು ಬೆಂದು ಬೊಬ್ಬೆ ಎದ್ದಿದ್ದವು, ಅನ್ನ ಕಲಸಿ ತುತ್ತು ತಾನೇ ಕೊಡಬೇಕಾಗುತ್ತಿತ್ತು ಅಂತ ಜುಬೇದಾ ಚಾಚಿ ನನಗೆ ಆಮೇಲೆ ಹೇಳಿದರು.