ಒತ್ತಿದ್ದು ಜಡೆ, ಹೊತ್ತಿದ್ದು ಶಿಕಾರಿಪುರ

ಮಹಾಸಭೆಯ ಗಣ್ಯರೇ, ಇಂದು ಸೊರಬದ ರಸಪ್ರಶ್ನೆ ಸ್ಪರ್ಧೆಯಲ್ಲಿ ಒಂದು ವಿಚಿತ್ರ ನಡೆಯಿತು. ಎಂಟು ತಂಡಗಳ ಎಂಟು ಗುಂಡಿಗಳನ್ನು ಗೆಳೆಯ ರುದ್ರೇಶ ಒಂದೇ ತಂತಿಯಲ್ಲಿ ಕಂಪ್ಯೂಟರಿಗೆ ಜೋಡಿಸಿದ್ದ. ನಡುವೆ ಶಿಫ್ಟ್ ರಿಜಿಸ್ಟರ್ ಎಂಬ ಚಿಪ್. ಗುಂಡಿಗಳ ಸುದ್ದಿಯನ್ನು ಅದು ಸಾಲಾಗಿ ಒಂದೊಂದೇ ಕಳಿಸುತ್ತದೆ. ಯಾವ ಸುದ್ದಿ ಯಾವ ಮೇಜಿನದೆಂದು ಫ್ಲಾಪಿಯಲ್ಲಿ ತಂದ ಡ್ರೈವರ್ ಎಂಬ ತಂತ್ರಾಂಶಕ್ಕೆ ಮೊದಲೇ ವಿವರಿಸಿಡಬೇಕು.

ಮೊದಲ ಮೇಜಿನ ಜಡೆ ಊರಿನ ಹುಡುಗಿ ಒತ್ತಿದಳು. ಪರದೆಯ ಮೇಲೆ ಹೊತ್ತಿದ್ದು ಕೊನೆಯ ಮೇಜಿನ ಶಿಕಾರಿಪುರದ ಹೆಸರು!

"ಒತ್ತಿದ್ದು ನಾನು ಸಾರ್, ಉತ್ತರ ಅವ್ರು ಹೇಳೋದಾ?"

ರುದ್ರೇಶ ಚಿಪ್ ನೋಡಿದ. "ಇದು ಜಡೆ ಬಸ್ಸಿನ ಥರ ಕಣಮ್ಮ. ಬಾಗಿಲ ಹತ್ರ ಇರೋ ಎಂಟನೇ ಮೇಜಿನ ಸುದ್ದಿ ಮೊದಲು ಇಳೀತದೆ. ವಿವರ ಬರ್ದೋರು ಒಂದನೇದು ಮೊದಲು ಅಂದ್ಕೊಂಡಿದಾರೆ."

"ಬರ್ದೋರು ಬಸ್ಸಲ್ಲಿ ಓಡಾಡಲ್ವೇನ್ರೀ?"

ಅಂಕ ಅವಳಿಗೇ ಸಿಕ್ಕಿತು. ಆ ವಿವರ ಬರೆದವನು ನಾನೇ, ಬೆಳಿಗ್ಗೆ ಬಂದದ್ದೂ ಅದೇ ಬಸ್ಸಿನಲ್ಲಿ.