ಅಂಕಿ ಓದಿ ಹೇಳುತ್ತಿದ್ದವಳು

ಗೆಳೆಯರೇ, ಇವತ್ತು ಇಲ್ಲಿ ನಮ್ಮ ಮನೆಯಿರುವ ಎಂವಿಪಿ ಕಾಲೋನಿಯ ಬ್ಯಾಂಕಿನಲ್ಲಿ ಜಗಳ ಮಾಡಿಕೊಂಡು ಬಂದೆ. ತಪ್ಪು ನನ್ನದೇ.

ನಾನು ಮಾಲ್ಡೀವ್ಸ್‌ನ ಶಾಲೆಯೊಂದರಲ್ಲಿ ಡ್ರಿಲ್ ಮೇಷ್ಟ್ರು. ಸಂಬಳ ಬೀಳುವ ಖಾತೆಗೆ ಹೆಂಡತಿ ಸರೋಜಳ ಫೋನ್ ನಂಬರ್ ಕೊಟ್ಟಿದ್ದೆ. ಅಲ್ಲಿ ನಾನು ಏನೇ ಕೊಂಡರೂ ಓಟಿಪಿ ಇಲ್ಲಿ ಅವಳಿಗೆ ಬರುತ್ತಿತ್ತು. ಕರೆ ಮಾಡಿದರೆ ಮೊದಲು ವಿಚಾರಣೆ. “ಮತ್ತೆ ಶೂನಾ? ನಿಮಗೆ ಇರೋದು ಎರಡೇ ಕಾಲಲ್ವಾ?” ಆಮೇಲೆ ಒಂದೊಂದೇ ಅಂಕಿ ಓದುತ್ತಿದ್ದಳು. ಅವಳು ತೀರಿಕೊಂಡು ಎರಡು ತಿಂಗಳಾಯಿತು.

ನಾಳೆ ನಾನು ವಾಪಸ್ ಹೊರಡಬೇಕು. ವಿಜಯವಾಡದಲ್ಲಿ ಓದುತ್ತಿರುವ ಮಗಳ ಫೀಸನ್ನು ಮಾಲ್ಡೀವ್ಸ್‌ನಿಂದಲೇ ಕಟ್ಟಬೇಕು. ಅವಳ ಹಾಸ್ಟೆಲ್‌ನಲ್ಲಿ ಫೋನ್ ಇಟ್ಟುಕೊಳ್ಳಲು ಬಿಡುವುದಿಲ್ಲ, ಓಟಿಪಿ ಓದಲು ಅವಳೂ ಸಿಗುವುದಿಲ್ಲ. ಏನು ಮಾಡುವುದೆಂದು ಕೇಳಲು ಬ್ಯಾಂಕಿಗೆ ಹೋಗಿದ್ದೆ.

“ನಂಬರ್ ಬದಲಾಯಿಸ್ಲೇಬೇಕು ಸರ್,” ಕನ್ನಡದಲ್ಲೇ ಅಂದರು ಹಾಸನ ಕಡೆಯ ಆಫೀಸರ್ ಮೇಡಂ.

“ಅವಳದೇ ಇರಲಿ ಬಿಡಿ.”

“ಅವರಿಲ್ಲ ಅಂತ ಈಗ್ತಾನೆ ನೀವೇ ಹೇಳಿದ್ರಲ್ಲ. ಓಟಿಪಿ ಓದೋರು ಯಾರು ಸರ್?”

“ಅದೆಲ್ಲ ನಿಮಗ್ಯಾಕೆ?” ಎಂದು ಗದರಿಬಿಟ್ಟೆ. ಸಾಲಿನಲ್ಲಿದ್ದವರು ತಿರುಗಿ ನೋಡಿದರು. ಮಗಳ ಫೀಸು ನೆನಪಾಗಿ, ತೆಪ್ಪಗೆ ಫಾರಂಗೆ ಸಹಿ ಹಾಕಿದೆ.

“ಹಳೇ ನಂಬರಿಗೆ ಒಂದು ಓಟಿಪಿ ಬರುತ್ತೆ, ಹೇಳಿ ಸರ್.”

ಸರೋಜಳ ಫೋನ್ ನನ್ನ ಜೇಬಿನಲ್ಲೇ ಸದ್ದು ಮಾಡಿತು. ನಾನು ಅಭ್ಯಾಸಬಲದಿಂದ ಪೆನ್ನು ಹಿಡಿದು, ಯಾರೋ ಓದಿ ಹೇಳುತ್ತಾರೆಂದು ಕಾಯುತ್ತ ಕೂತೆ.

“ಸರ್, ಟೈಮ್ ಆಗೋಯ್ತು. ಇನ್ನೊಂದ್ಸಲ ಕಳಿಸ್ತೀನಿ, ನೋಡ್ಕೊಳ್ಳಿ.”

ಎರಡನೆಯ ಸಲ ನಾನೇ ಓದಿದೆ. ನಂಬರ್ ಬದಲಾಯಿತು. ಇನ್ನು ಎಷ್ಟು ಜೊತೆ ಶೂ ಬೇಕಾದರೂ ಕೊಳ್ಳಬಹುದು.