ಪಾಪದ ಮಗು

ಗೆಳತಿಯರೇ, ಇವತ್ತು ನನ್ನ ಮರ್ಯಾದೆ ತೆಗೆದವಳು ನನ್ನ ಮೊಮ್ಮಗಳೇ.

ಅವಳು ಹುಟ್ಟಿ ಬೆಳೆದದ್ದೆಲ್ಲ ಮರಾಠಿಯವರ ನಡುವೆ. ವಿಕ್ಟೋರಿಯಾ ರಾಣಿಯ ಕಾಲದ ಒಂದು ಇಂಗ್ಲಿಷ್ ಕಿರುಕಾದಂಬರಿ ಅವಳಿಗೆ ಕಾಲೇಜಿನಲ್ಲಿ ಪಾಠ. ಅದರಲ್ಲಿ ಮಕ್ಕಳನ್ನು ಹೇಗೆ ಚಿತ್ರಿಸಿದ್ದಾರೆಂದು ಪ್ರಬಂಧ ಬರೆಯಬೇಕಿತ್ತು. ಹಸಿದರೂ ಬಾಯಿಬಿಟ್ಟು ಏನೂ ಕೇಳದ ಹುಡುಗಿಯ ಕಥೆ ಕೇಳಿ ನಾನು, "ಪಾಪದ ಮಗು" ಎಂದಿದ್ದೆ. ಇವತ್ತು ಪ್ರಬಂಧ ವಾಪಸು ಬಂತು. ನೋಡಿದರೆ, "ಈ ಮಗು ಪಾಪದಿಂದ ಹುಟ್ಟಿದ್ದೆಂದು ನನ್ನ ಅಜ್ಜಿಯ ಅಭಿಪ್ರಾಯ" ಎಂದು ಇಂಗ್ಲಿಷಿನಲ್ಲಿ ಬರೆದಿದ್ದಾಳೆ!

"ನಾನು ಯಾವಾಗ ಹಾಗೆ ಹೇಳಿದ್ದು ಮಾರಾಯ್ತಿ?"

"ಅರೇ ಅಜ್ಜಿ, ನೀವೇ ಪಾಪದ ಮಗು ಅಂದ್ರಿ ನಾ! ಮರಾಠೀಲಿ ಪಾಪ್ ಅಂದ್ರೆ ಸಿನ್."

"ನಮ್ಮ ಉಡುಪಿಯಲ್ಲಿ ಪಾಪದ್ದು ಅಂದ್ರೆ ಸಾಧು, ಬಡಪಾಯಿ. ಈಗಲೇ ತಿದ್ದು."

"ಕೈಸೇ ತಿದ್ದೋದು? ಪ್ರೊಫೆಸರ್ 'ಹೊಸ ದೃಷ್ಟಿ' ಅಂತ ಬರ್ದಿದ್ದಾರೆ. ನಾಳೆ ಇಡೀ ಕ್ಲಾಸಿಗೆ ಓದ್ಬೇಕು."

ಆ ಮಗುವಿನ ಮಾನವಂತೂ ಹೋಯಿತು, ನನ್ನದಾದರೂ ಉಳಿಯಬೇಕಲ್ಲ. "ಹಾಗಾದರೆ ಅಜ್ಜಿ ಅಂತ ಇರುವುದನ್ನು ಹೊಡೆದುಹಾಕಿ ಅಜ್ಜ ಅಂತ ಬರೆ" ಎಂದೆ.

ನಮ್ಮ ಯಜಮಾನರು ಟ್ರಾನ್ಸಿಸ್ಟರಿಗೆ ಕಿವಿಯಿಟ್ಟು ಕ್ರಿಕೆಟ್ ಕೇಳುತ್ತಿದ್ದರು. "ಆಗಬಹುದಲ್ಲ?" ಎಂದು ಕೇಳಿದೆ. ವಿಷಯವೇನೆಂದು ವಿಚಾರಿಸದೆ ತಲೆಯಾಡಿಸಿದರು.

ಪಾಪದವರು.